ಕ್ರೈಸ್ತ ಸಂಸ್ಥೆಯವರ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಬೇಕು ಅಂತಿದ್ದೇವೆ, ಒಳಗೆ ಏನೇನಿರುತ್ತೆ?

ಮೂಡಿಗೆರೆ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವವರು. ಮೊದಲೆಲ್ಲ ಸಂತೆ ದಿನ, ಬಟವಾಡೆ ದಿನ ಮಾತ್ರ ಕುಡಿಯುತ್ತಿದ್ದರು. ಈಗ ಬೆಳಿಗ್ಗೆ ಎದ್ದ ಕೂಡಲೇ ಬೇಕು. ಹೊಟ್ಟೆಗೆ ಮದ್ಯದ ಒಂದು ಟೆಟ್ರಾ ಪ್ಯಾಕ್ ಹೋಗುವ ತನಕ ಮಸ್ಟರ್ ಪುಸ್ತಕದಲ್ಲಿ ಹಾಜರಿ ಹಾಕುವುದಕ್ಕೂ ಆಗುವುದಿಲ್ಲ, ಕೈ ಅಷ್ಟು ನಡುಗುತ್ತೆ. ತೋಟದ ಸಾಹುಕಾರರು ಒಳ್ಳೆಯವರು. ಕೊಯ್ಲು ಶುರುವಾಗುವುದರೊಳಗೆ ಸರಿಯಾಗಿ ಬಾ, ಕೆಲಸ ಇರುತ್ತೆ ಅಂದಿದ್ದಾರೆ.

ಪರಿಚಯದ ಸಿಸ್ಟರ್ ಒಬ್ಬರು ಕ್ರೈಸ್ತ ಸಂಸ್ಥೆ ನಡೆಸುವ ಒಂದು ಕೇಂದ್ರದ ವಿಷಯ ಹೇಳಿದರು. ನಾವು ಹಿಂದೂಗಳು. ಅತ್ತೆಯವರಿಗೆ ಇದು ಸುತರಾಂ ಇಷ್ಟವಿಲ್ಲ. ಇವರೇ ಮಾತ್ರ "ಎಲ್ಲಾದರೂ ಸರಿ, ಹೋಗ್ತೀನಿ" ಅಂತಾರೆ. ಒಳಗೆ ದಿನವಿಡೀ ಏನು ಮಾಡಿಸುತ್ತಾರೆ? ಬರೀ ಪ್ರಾರ್ಥನೆಯಾ? ಔಷಧಿ ಕೊಡುತ್ತಾರಾ? ನಾನು ಹೋಗಿ ನೋಡಬಹುದಾ? ಗೊತ್ತಿರುವವರು ದಯವಿಟ್ಟು ವಿವರವಾಗಿ ಹೇಳಿ.

ಹಾಸನ ಕೌನ್ಸೆಲರ್

ಮೇಡಂ, ನಾನು ಇಂಥ ಕೇಂದ್ರಗಳಲ್ಲಿ ಕೌನ್ಸೆಲರ್ ಆಗಿ ಕೆಲಸ ಮಾಡಿದ್ದೇನೆ, ಈಗಲೂ ಮಾಡುತ್ತಿದ್ದೇನೆ. ಅವರಾಗಿಯೇ ಹೋಗುತ್ತೀನಿ ಅಂದಿದ್ದಾರಲ್ಲ, ಅದು ದೊಡ್ಡ ವಿಷಯ. ಅದನ್ನು ಕೈಬಿಡಬೇಡಿ.

"ಕ್ರೈಸ್ತ ಕೇಂದ್ರ" ಅಂದರೆ ಎಲ್ಲವೂ ಒಂದೇ ಥರ ಇರುವುದಿಲ್ಲ. ನಮ್ಮ ಕಡೆ ಮುಖ್ಯವಾಗಿ ಎರಡು ಬಗೆ. ಒಂದು, ಫಾದರ್‌ಗಳು ಅಥವಾ ಸಿಸ್ಟರ್‌ಗಳು ನಡೆಸುವುದು. ಅಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಇರಬೇಕು. ಡಾಕ್ಟರ್ ಬಂದು ಹೋಗುತ್ತಾರೆ, ಕೌನ್ಸೆಲರ್‌ಗಳು ಇರುತ್ತಾರೆ, ಎಎ, ಅಂದರೆ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದವರ ಹನ್ನೆರಡು ಹೆಜ್ಜೆಗಳನ್ನು ಹೇಳಿಕೊಡುತ್ತಾರೆ. ಇನ್ನೊಂದು, ಪಾಸ್ಟರ್‌ಗಳು ನಡೆಸುವ ಮನೆಗಳು. ಅಲ್ಲಿ ಆರು ತಿಂಗಳಿಂದ ಒಂದು ವರ್ಷದವರೆಗೂ ಇರಬೇಕಾಗಬಹುದು. ಬೈಬಲ್ ಪಾಠ, ಪ್ರಾರ್ಥನೆ, ದುಡಿಮೆ, ಒಟ್ಟಿಗೆ ಬಾಳುವುದು, ಇದೇ ಅಲ್ಲಿಯ ಚಿಕಿತ್ಸೆ. ಔಷಧಿ ಕಡಿಮೆ. ಈ ಎರಡನೇ ಪದ್ಧತಿಗೆ ಮಾದರಿ ಅಮೆರಿಕದ್ದು. ಡೇವಿಡ್ ವಿಲ್ಕರ್ಸನ್ ಅನ್ನುವ ಪಾಸ್ಟರ್ 1958ರಲ್ಲಿ ನ್ಯೂಯಾರ್ಕ್‌ನ ಬೀದಿ ಹುಡುಗರ ನಡುವೆ ಕೆಲಸ ಶುರು ಮಾಡಿದರು. ಅದೇ ಮುಂದೆ ಟೀನ್ ಚಾಲೆಂಜ್ ಅನ್ನುವ ಸಂಸ್ಥೆ ಆಯಿತು. ಒಂದು ವರ್ಷ ಅಲ್ಲೇ ಉಳಿದುಕೊಳ್ಳುವ ಪದ್ಧತಿ ಅವರಿಂದಲೇ ಜಾಸ್ತಿ ಹರಡಿದ್ದು.

ಎರಡರಲ್ಲೂ ಒಳ್ಳೆಯ ಜಾಗಗಳಿವೆ. ಎರಡರಲ್ಲೂ ಕಾಲಿಡಬಾರದ ಜಾಗಗಳೂ ಇವೆ. ನೀವು ಕೇಳಬೇಕಾದ ಮೊದಲ ಪ್ರಶ್ನೆ ದೇವರ ಬಗ್ಗೆ ಅಲ್ಲ. "ಮೊದಲ ವಾರ ಇವರನ್ನು ಯಾರು ನೋಡಿಕೊಳ್ಳುತ್ತಾರೆ? ರಾತ್ರಿ ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ, ಯಾವ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತೀರಿ?" ಇದನ್ನು ಕೇಳಿ. ಕೂಡಲೇ ಸರಿಯಾದ ಉತ್ತರ ಬಂದರೆ ಮಾತ್ರ ಮುಂದಿನ ಮಾತು. "ಪ್ರಾರ್ಥನೆ ಮಾಡ್ತೀವಿ, ಏನೂ ಆಗಲ್ಲ" ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ನಾನೂ ಕ್ರೈಸ್ತನೇ. ಪ್ರಾರ್ಥನೆಯಲ್ಲಿ ನನಗೆ ಪೂರ್ತಿ ನಂಬಿಕೆ ಇದೆ. ಆದರೂ ಇದನ್ನೇ ಹೇಳುತ್ತೇನೆ.

ಚಿಕ್ಕಮಗಳೂರು ನರ್ಸ್

ಕೌನ್ಸೆಲರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತೆ ಅಂದಿರಲ್ಲ ಅಕ್ಕ, ಅಂದರೆ ಅವರ ಮೈಗೆ ಮದ್ಯ ಇಲ್ಲದೆ ಇರುವುದು ಆಗುತ್ತಿಲ್ಲ. ಇಂಥವರು ಒಮ್ಮೆಲೇ ನಿಲ್ಲಿಸಿದರೆ ಅಪಾಯ. ಕೊನೆಯ ಸಲ ಕುಡಿದು ಆರು ಗಂಟೆ ಕಳೆಯುತ್ತಿದ್ದಂತೆ ನಡುಕ, ಬೆವರು, ವಾಂತಿ ಶುರುವಾಗಬಹುದು. ಎರಡು ದಿನದೊಳಗೆ ಯಾವಾಗ ಬೇಕಾದರೂ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಬುದ್ಧಿಭ್ರಮೆ ಆಗುತ್ತೆ. ನಾವು ಡಿಟಿ ಅಂತೀವಿ. ಗೋಡೆ ಮೇಲೆ ಹುಳ ಹರಿಯುತ್ತಿದೆ ಅಂತ ಕೈಯಲ್ಲಿ ಒರೆಸುತ್ತಿರುತ್ತಾರೆ. ಮಂಚದ ಪಕ್ಕ ಯಾರೋ ನಿಂತಿದ್ದಾರೆ ಅಂತಾರೆ. ಜ್ವರ ಏರುತ್ತೆ, ನಾಡಿ ಓಡುತ್ತೆ. ಚಿಕಿತ್ಸೆ ಕೊಡದಿದ್ದರೆ ಜೀವ ಹೋಗಬಹುದು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ಆ ಸ್ಥಿತಿಯಲ್ಲಿ ಇರುವವರನ್ನು ನೋಡಿ ದೆವ್ವ ಹಿಡಿದಿದೆ ಅಂದುಕೊಳ್ಳುವವರು ಎಲ್ಲ ಧರ್ಮದಲ್ಲೂ ಇದ್ದಾರೆ. ಒಬ್ಬರು ತಾಯಿತ ಕಟ್ಟಿಸುತ್ತಾರೆ, ಒಬ್ಬರು ಚೌಡಿಗೆ ಹರಕೆ ಹೊರುತ್ತಾರೆ, ಇನ್ನೊಬ್ಬರು ತಲೆ ಮೇಲೆ ಕೈ ಇಟ್ಟು ದೆವ್ವ ಬಿಡಿಸಲು ಪ್ರಾರ್ಥನೆ ಮಾಡುತ್ತಾರೆ. ಆ ಹೊತ್ತಿಗೆ ಬೇಕಾಗಿರುವುದು ಆಸ್ಪತ್ರೆ. ಕ್ಲೋರ್‌ಡಯಾಜೆಪಾಕ್ಸೈಡ್, ಲೊರಾಜೆಪಾಮ್ ಥರದ ಮಾತ್ರೆ ಅಥವಾ ಇಂಜೆಕ್ಷನ್ ಕೊಟ್ಟು, ದಿನದಿನಕ್ಕೆ ಡೋಸ್ ಇಳಿಸುತ್ತಾ ಬರುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್. ಬಹಳ ದಿನ ಕುಡಿದವರಿಗೆ ಅದನ್ನು ಕೊಡದೆ ಗ್ಲೂಕೋಸ್ ಡ್ರಿಪ್ ಮಾತ್ರ ಹಾಕಿದರೆ ಮೆದುಳಿಗೆ ಪೆಟ್ಟಾಗುವ ಭಯ ಇರುತ್ತೆ. ಊರಿನ ಕ್ಲಿನಿಕ್‌ಗೆ ಹೋಗಿ "ಸುಸ್ತು" ಅಂತ ಡ್ರಿಪ್ ಹಾಕಿಸಿಕೊಳ್ಳುವಾಗಲೂ ಕುಡಿತದ ವಿಷಯ ಮುಚ್ಚಿಡಬೇಡಿ.

ಎಲ್ಲಿ ತೋರಿಸುವುದು ಅಂತ ಯೋಚನೆ ಬೇಡ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿ. ಜಿಲ್ಲಾ ಆಸ್ಪತ್ರೆ ಇದೆ, ಹಾಸನದ ಕಡೆಯವರಿಗೆ ಹಿಮ್ಸ್ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಕಷ್ಟದ ಕೇಸ್ ಆದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಪ್ರತ್ಯೇಕ ವಿಭಾಗ ಇದೆ. ಫೋನ್‌ನಲ್ಲಿ ಕೇಳಬೇಕು ಅಂದರೆ 14416 ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಕ್ಕೆ ಅಂತಲೇ ಇರುವ ಸಹಾಯವಾಣಿ 14446.

ಹೊಸ ದಾರಿ, ಸಕಲೇಶಪುರ

ನಾನು ಒಳಗಿದ್ದು ಬಂದವನು. ಫಾದರ್‌ಗಳು ನಡೆಸುವ ಕೇಂದ್ರ. ನಾನೂ ಹಿಂದೂನೇ. ಈಗ ಕುಡಿಯುತ್ತಿಲ್ಲ. ಒಳಗಿನ ದಿನ ಹೇಗಿರುತ್ತೆ ಅಂತ ಹೇಳುತ್ತೇನೆ, ಅತ್ತೆಯವರಿಗೂ ಓದಿ ಹೇಳಿ ಅಕ್ಕ.

ಸೇರಿದ ದಿನ ಬ್ಯಾಗ್ ಪೂರ್ತಿ ಬಿಚ್ಚಿಸುತ್ತಾರೆ. ಶೇವಿಂಗ್ ಲೋಷನ್, ಕೆಮ್ಮಿನ ಸಿರಪ್, ಸ್ಯಾನಿಟೈಸರ್ ಎಲ್ಲ ತೆಗೆದಿಡುತ್ತಾರೆ, ಅದರಲ್ಲೂ ಆಲ್ಕೋಹಾಲ್ ಇರುತ್ತಲ್ಲ. ಬೀಡಿ, ಗುಟ್ಕಾ, ಹಾನ್ಸ್ ಕೂಡ ಇಲ್ಲ. ತುಂಬ ಜನ ಜಗಳ ಆಡುವುದು ಇಲ್ಲೇ. ಕುಡಿತ ಬಿಡಲು ಬಂದಿದ್ದೀನಿ, ಹೊಗೆಸೊಪ್ಪು ಯಾಕೆ ಕಿತ್ತುಕೊಳ್ತೀರಿ ಅಂತ. ನಿಮ್ಮವರಿಗೆ ಆ ಅಭ್ಯಾಸ ಇದ್ದರೆ ಮೊದಲೇ ಹೇಳಿ ಮನಸ್ಸು ಗಟ್ಟಿ ಮಾಡಿಸಿ. ಮೊಬೈಲ್ ತೆಗೆದುಕೊಳ್ಳುತ್ತಾರೆ. ಮೊದಲ ಒಂದೆರಡು ವಾರ ಮನೆಯವರ ಭೇಟಿ ಇರುವುದಿಲ್ಲ, ಆಮೇಲೆ ವಾರಕ್ಕೊಂದು ಫೋನ್, ಗೊತ್ತಾದ ದಿನ ಭೇಟಿ. ಆ ಮೊದಲ ದಿನಗಳಲ್ಲಿ ಫೋನ್ ಸಿಕ್ಕರೆ ಎಲ್ಲರೂ ಹೇಳುವುದು ಒಂದೇ ಮಾತು, "ಇಲ್ಲಿ ಊಟ ಸರಿ ಇಲ್ಲ, ಬಂದು ಕರಕೊಂಡು ಹೋಗು".

ಬೆಳಿಗ್ಗೆ ಐದೂವರೆಗೆ ಗಂಟೆ. ಮುಖ ತೊಳೆದು ಪ್ರಾರ್ಥನೆ ಕೋಣೆ. ಆಮೇಲೆ ಕಾಫಿ, ಆಮೇಲೆ ಕೆಲಸ. ಒಬ್ಬರಿಗೆ ಹಟ್ಟಿ, ಒಬ್ಬರಿಗೆ ತರಕಾರಿ ಪಾತಿ, ಒಬ್ಬರಿಗೆ ಅಡುಗೆಮನೆ. ವಾರವಾರಕ್ಕೆ ಬದಲಾಗುತ್ತೆ. ಹತ್ತು ಗಂಟೆಗೆ ತರಗತಿ. ಮದ್ಯ ಲಿವರ್‌ಗೆ ಏನು ಮಾಡುತ್ತೆ, ಮೆದುಳಿಗೆ ಏನು ಮಾಡುತ್ತೆ, ಸಿಟ್ಟು ಬಂದಾಗ ಏನು ಮಾಡಬೇಕು, ಇಂಥದ್ದು. ಮಧ್ಯಾಹ್ನ ಗುಂಪಿನ ಮಾತುಕತೆ ಅಥವಾ ಒಬ್ಬೊಬ್ಬರಿಗೇ ಕೌನ್ಸೆಲಿಂಗ್. ಸಂಜೆ ವಾಲಿಬಾಲ್. ರಾತ್ರಿ ಬೈಬಲ್ ಓದು, ಹಾಡು, ಊಟ, ಒಂಬತ್ತೂವರೆಗೆ ದೀಪ ಆರಿಸುವುದು. ಭಾನುವಾರ ಪೂಜೆ, ಅಂದರೆ ಮಾಸ್.

ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಬರೆಯುವ ಕೆಲಸ. ಒಂದು ನೋಟ್‌ಬುಕ್ ಕೊಡುತ್ತಾರೆ. ಹನ್ನೆರಡು ಹೆಜ್ಜೆಗಳಲ್ಲಿ ನಾಲ್ಕನೆಯದು, ನಿನ್ನ ಬಾಳಿನ ಲೆಕ್ಕ ನೀನೇ ಬರೆ ಅನ್ನುವುದು. ಐದನೆಯದು, ಬರೆದಿದ್ದನ್ನು ದೇವರ ಮುಂದೆ, ನಿನ್ನ ಮುಂದೆ, ಇನ್ನೊಬ್ಬ ಮನುಷ್ಯನ ಮುಂದೆ ಒಪ್ಪಿಕೊಳ್ಳುವುದು. ಎಂಟನೆಯದರಲ್ಲಿ ನಿನ್ನಿಂದ ಯಾರ್ಯಾರಿಗೆ ನೋವಾಗಿದೆ ಅಂತ ಪಟ್ಟಿ ಮಾಡಬೇಕು. ನನ್ನ ಪಕ್ಕದ ಮಂಚದಲ್ಲಿ ಒಬ್ಬರು ಜೀಪ್ ಡ್ರೈವರ್ ಇದ್ದರು. ಮೂರು ದಿನ ಖಾಲಿ ಹಾಳೆ ಇಟ್ಟುಕೊಂಡು ಕೂತಿದ್ದರು. ನಾಲ್ಕನೇ ದಿನ ಮಗಳ ಹೆಸರು ಬರೆದು, ಅದರ ಮುಂದೆ "ಹುಂಡಿ ದುಡ್ಡು" ಅಂತ ಎರಡೇ ಪದ ಬರೆದರು. ಆಮೇಲೆ ಪೆನ್ನು ನಿಲ್ಲಲೇ ಇಲ್ಲ, ಊಟದ ಗಂಟೆ ಹೊಡೆದರೂ ಎದ್ದು ಬರಲಿಲ್ಲ. ಯಾರೂ ಅವರನ್ನು ಕರೆಯಲೂ ಇಲ್ಲ. ಅಡುಗೆಯವರು ತಟ್ಟೆ ಮುಚ್ಚಿಟ್ಟರು.

ದಾರಿ ತಪ್ಪಿದ ಮಗನ ಕಥೆ ಲೂಕನ ಪುಸ್ತಕದ 15ನೇ ಅಧ್ಯಾಯದಲ್ಲಿ ಬರುತ್ತೆ. ಆಸ್ತಿ ಹಾಳು ಮಾಡಿ ಬಂದ ಮಗನನ್ನು ನೋಡಿ ಅಪ್ಪ ದೂರದಿಂದಲೇ ಓಡಿ ಬರುತ್ತಾನೆ. ಅದನ್ನು ಓದಿದ ದಿನ ಗುಂಪಿನಲ್ಲಿ ಅಳದೆ ಇದ್ದವರು ಕಡಿಮೆ. ನಾನು ಧರ್ಮ ಬದಲಾಯಿಸಲಿಲ್ಲ, ಯಾರೂ ಕೇಳಲೂ ಇಲ್ಲ. ಆದರೆ ಆ ಅಪ್ಪ ಓಡಿ ಬಂದಿದ್ದನ್ನು ಮರೆತಿಲ್ಲ.

ಆಲೂರು ಮೇಷ್ಟ್ರು

ಒಳ್ಳೆಯ ಅನುಭವ, ಸಂತೋಷ. ಆದರೆ ಅತ್ತೆಯವರ ಭಯವನ್ನು ಹಗುರವಾಗಿ ತೆಗೆದುಕೊಳ್ಳುವುದು ಬೇಡ. ಮನುಷ್ಯ ತೀರಾ ಸೋತು ಕೂತಿರುವಾಗ ಯಾರು ಕೈ ಹಿಡಿದರೂ ಅವರು ಹೇಳಿದ್ದಕ್ಕೆಲ್ಲ ಹೂಂ ಅಂತಾನೆ. ಆಗ ಮತದ ಮಾತು ಎತ್ತುವುದು ಸರಿಯಾ? ನಮ್ಮಲ್ಲಿ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಊರೂರಲ್ಲೂ ನಡೆಯುತ್ತೆ. ಅದಕ್ಕೆ ಯಾಕೆ ಸೇರಿಸಬಾರದು?

ರೋಸಿ ಅಕ್ಕ, ಚಿಕ್ಕಮಗಳೂರು

ಮೇಷ್ಟ್ರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನಾನು ಚರ್ಚ್‌ನ ಮಹಿಳಾ ಸಂಘದಿಂದ ಇಂಥ ಕೇಂದ್ರಕ್ಕೆ ಆಗಾಗ ಹೋಗುತ್ತಿರುತ್ತೇನೆ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಹಾಸನದ ರೆಡ್‌ಫರ್ನ್ ಆಸ್ಪತ್ರೆ, ನಮ್ಮೂರ ಹೋಲಿ ಕ್ರಾಸ್ ಆಸ್ಪತ್ರೆ, ಎರಡೂ ಕ್ರೈಸ್ತ ಸಂಸ್ಥೆಗಳದ್ದೇ. ಎಲ್ಲ ಜಾತಿಯ ಮನೆಗಳ ಹೆರಿಗೆ ಅಲ್ಲಿ ಆಗಿದೆ. ಯಾರೂ ಮತದ ಚಿಂತೆ ಮಾಡಿಲ್ಲ. ಆದರೆ ವ್ಯಸನಮುಕ್ತಿ ಕೇಂದ್ರ ಬೇರೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಆಸ್ಪತ್ರೆಯಲ್ಲಿ ಶಿಲುಬೆ ಗೋಡೆ ಮೇಲಿರುತ್ತೆ. ಇಲ್ಲಿ ಪ್ರಾರ್ಥನೆ, ಬೈಬಲ್ ದಿನಚರಿಯ ಒಳಗೇ ಇರುತ್ತೆ. ಅದನ್ನು ಮುಚ್ಚಿಟ್ಟು ಯಾರಾದರೂ "ಏನೂ ಇಲ್ಲ, ಸುಮ್ನೆ ಯೋಗ, ಧ್ಯಾನ ಅಷ್ಟೇ" ಅಂದರೆ ನಂಬಬೇಡಿ. ನಾವು ಹೀಗೆ ಪ್ರಾರ್ಥನೆ ಮಾಡ್ತೀವಿ, ನೀವು ಕೂತಿರಬಹುದು, ಬೇಡ ಅಂದರೆ ನಿಮ್ಮ ದೇವರನ್ನು ನೆನೆಯಬಹುದು ಅಂತ ಸೇರುವ ದಿನವೇ ಬಾಯಿಬಿಟ್ಟು ಹೇಳುವ ಕೇಂದ್ರ ಒಳ್ಳೆಯದು.

ಅತ್ತೆಯವರಿಗೆ ಇದನ್ನು ಹೇಳಿ. ಕಥೋಲಿಕ ಪೂಜೆಯಲ್ಲಿ ಕೊಡುವ ಪರಮಪ್ರಸಾದ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರಿಗೆ ಮಾತ್ರ. ಫಾದರ್ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆ ಸಂಸ್ಕಾರವೂ ಅಷ್ಟೇ. ಬೇರೆ ಧರ್ಮದವರಿಗೆ ಅದನ್ನು ಕೊಡುವುದೇ ಇಲ್ಲ. ಅವರು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ ಅಷ್ಟೇ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ, ಅದಕ್ಕೇ ಭಯ. ದೀಕ್ಷಾಸ್ನಾನಕ್ಕೂ ಚಿಕಿತ್ಸೆಗೂ ಗಂಟು ಹಾಕುವ ಜಾಗ ಇದ್ದರೆ, ಅದು ಯಾರದ್ದೇ ಆಗಿರಲಿ, ಅಲ್ಲಿಗೆ ಸೇರಿಸಬೇಡಿ. ನಂಬಿಕೆ ಅನ್ನುವುದು ಕೈ ನಡುಗುತ್ತಿರುವವನಿಂದ ಬರೆಸಿಕೊಳ್ಳುವ ಸಾಲಪತ್ರ ಅಲ್ಲ.

ಇನ್ನೊಂದು ಉಪಾಯ. ಚಿಕ್ಕಮಗಳೂರು ಕಥೋಲಿಕ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪರ ಕೈಕೆಳಗಿನ ಪ್ರದೇಶ, 1963ರಲ್ಲಿ ಆಗಿದ್ದು, ಹಾಸನ ಜಿಲ್ಲೆಯೂ ಅದರೊಳಗೇ ಬರುತ್ತೆ. ಯಾವುದಾದರೂ ಕೇಂದ್ರ "ನಾವು ಕಥೋಲಿಕರು" ಅಂದರೆ, ಹತ್ತಿರದ ಚರ್ಚ್‌ನ ಫಾದರ್ ಹತ್ತಿರ ಕೇಳಿ. ಅದು ಕಥೋಲಿಕ ಚರ್ಚ್‌ಗೆ ಸೇರಿದ್ದೋ ಅಲ್ಲವೋ ಹೇಳುತ್ತಾರೆ. ಸಿಎಸ್‌ಐ, ಅಂದರೆ ಪ್ರೊಟೆಸ್ಟೆಂಟರ ದಕ್ಷಿಣ ಭಾರತ ಸಭೆ ಆದರೆ ಅವರ ಪಾಸ್ಟರ್ ಹತ್ತಿರ. ಯಾವ ಚರ್ಚ್‌ಗೂ ಸೇರದೆ ಒಬ್ಬರೇ ನಡೆಸುತ್ತಿದ್ದರೆ, ಇನ್ನೂ ಜಾಸ್ತಿ ವಿಚಾರಿಸಿ.

ಹಾಸನ ಕೌನ್ಸೆಲರ್

ರೋಸಿ ಅಕ್ಕ ಚೆನ್ನಾಗಿ ಹೇಳಿದರು. ಮೇಷ್ಟ್ರೇ, ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಶಿಬಿರಗಳ ಬಗ್ಗೆ ನನಗೆ ಬಹಳ ಗೌರವ ಇದೆ. ಊರಿನ ಸಮುದಾಯ ಭವನದಲ್ಲೇ ಎಂಟು ದಿನ ನಡೆಯುತ್ತೆ, ಹೆಂಡತಿ ಮಕ್ಕಳು ಬರುತ್ತಾರೆ, ಆಮೇಲೆ ನವಜೀವನ ಸಮಿತಿ ಅಂತ ಮಾಡಿ ಬಿಟ್ಟವರನ್ನು ಒಟ್ಟಿಗೆ ಇಟ್ಟುಕೊಳ್ಳುತ್ತಾರೆ. ಅಲ್ಲಿ ಭಜನೆ ಇರುತ್ತೆ, ಇಲ್ಲಿ ಬೈಬಲ್ ಇರುತ್ತೆ. ಯಾರಿಗೆ ಯಾವುದು ಹೊಂದುತ್ತೋ ಅದು. ಶಿಬಿರದಿಂದ ಬಿಟ್ಟವರನ್ನೂ ನೋಡಿದ್ದೇನೆ, ಶಿಬಿರ ಸಾಲದೆ ನಮ್ಮಲ್ಲಿಗೆ ಬಂದವರನ್ನೂ ನೋಡಿದ್ದೇನೆ. ಬೆಳಿಗ್ಗೆಯೇ ನಡುಕ ಇರುವವರಿಗೆ ನನ್ನ ಲೆಕ್ಕದಲ್ಲಿ ಎಂಟು ದಿನ ಕಡಿಮೆ. ಮೈಯೊಳಗಿನ ವಿಷ ಇಳಿಯುವುದಕ್ಕೇ ಅಷ್ಟು ದಿನ ಹೋಗುತ್ತೆ. ಮನಸ್ಸಿನ ಕೆಲಸ ಆಮೇಲೆ ಶುರು.

ಹನ್ನೆರಡು ಹೆಜ್ಜೆಗಳು ಕ್ರೈಸ್ತರದ್ದಾ ಅಂತ ಕೆಲವರು ಕೇಳುತ್ತಾರೆ. ಹುಟ್ಟಿದ್ದು ಅಲ್ಲಿಂದಲೇ. 1935ರಲ್ಲಿ ಅಮೆರಿಕದ ಆಕ್ರನ್ ಅನ್ನುವ ಊರಿನಲ್ಲಿ ಬಿಲ್ ವಿಲ್ಸನ್ ಅನ್ನುವ ಷೇರು ವ್ಯಾಪಾರದವರು, ಬಾಬ್ ಸ್ಮಿತ್ ಅನ್ನುವ ಡಾಕ್ಟರ್, ಇಬ್ಬರೂ ಕುಡುಕರೇ, ಭೇಟಿಯಾಗಿ ಎಎ ಶುರು ಮಾಡಿದರು. ಇಬ್ಬರೂ ಆಕ್ಸ್‌ಫರ್ಡ್ ಗ್ರೂಪ್ ಅನ್ನುವ ಕ್ರೈಸ್ತ ಬಳಗದಲ್ಲಿ ಇದ್ದವರು. ತಪ್ಪು ಒಪ್ಪಿಕೊಳ್ಳುವುದು, ನೋವು ಕೊಟ್ಟವರ ಹತ್ತಿರ ಹೋಗಿ ಸರಿ ಮಾಡುವುದು, ಇವೆಲ್ಲ ಅಲ್ಲಿಂದ ಬಂದವು. ಆದರೆ ಹೆಜ್ಜೆಗಳನ್ನು ಬರೆಯುವಾಗ ದೇವರು ಅನ್ನುವ ಕಡೆ "ನಾವು ಅರ್ಥ ಮಾಡಿಕೊಂಡ ಹಾಗೆ" ಅಂತ ಸೇರಿಸಿದರು. ಅದರಿಂದಲೇ ಇವತ್ತು ಶಿವಭಕ್ತರೂ ಮುಸಲ್ಮಾನರೂ ದೇವರನ್ನು ನಂಬದವರೂ ಎಎ ಸಭೆಗೆ ಬರುತ್ತಾರೆ. ಪೂರ್ತಿ ಕ್ರೈಸ್ತ ರೂಪವೇ ಬೇಕು ಅಂದವರು 1991ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಚರ್ಚ್‌ನಲ್ಲಿ ಸೆಲೆಬ್ರೇಟ್ ರಿಕವರಿ ಅಂತ ಬೇರೆಯೇ ಮಾಡಿಕೊಂಡರು. ಅಲ್ಲಿ ದೇವರು ಅಂದರೆ ಯೇಸುವೇ. ಹಾಗಾಗಿ ಸೇರಿಸುವ ಮೊದಲು, ನಿಮ್ಮಲ್ಲಿ ನಡೆಯುವುದು ಎಎ ಪದ್ಧತಿಯಾ, ಬೈಬಲ್ ಪದ್ಧತಿಯಾ ಅಂತ ನೇರವಾಗಿ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬೇಲೂರು ರೋಡ್

ಎಲ್ಲರೂ ಒಳ್ಳೆಯದೇ ಬರೆಯುತ್ತಿದ್ದೀರಿ. ನಮ್ಮ ತಮ್ಮನನ್ನು ಸೇರಿಸಿದ್ದ ಒಂದು ಜಾಗದ ಕಥೆ ಹೇಳುತ್ತೇನೆ, ಹೆಸರು ಬೇಡ. ಅದು ಕ್ರೈಸ್ತರದ್ದೂ ಅಲ್ಲ, ಯಾವ ಧರ್ಮದ್ದೂ ಅಲ್ಲ, ಖಾಸಗಿ ವ್ಯಾಪಾರ. ಮನೆಗೇ ಗಾಡಿ ಕಳಿಸಿ ನಾಲ್ಕು ಜನ ಎತ್ತಿಕೊಂಡು ಹೋದರು. ತಲೆ ಬೋಳಿಸಿದರು. ನಮ್ಮನ್ನು ಗೇಟ್ ದಾಟಿ ಒಳಗೆ ಬಿಡಲಿಲ್ಲ. ಪ್ರತಿ ಸಲ "ಇನ್ನೂ ಒಂದು ತಿಂಗಳು ಬೇಕು, ದುಡ್ಡು ಕಟ್ಟಿ" ಅನ್ನುತ್ತಿದ್ದರು. ಹೊರಗೆ ಬಂದಾಗ ಕಾಲಿನ ಮೇಲೆ ಗಾಯ ಇತ್ತು. ಏನಾಯಿತು ಅಂತ ಇವತ್ತಿಗೂ ಹೇಳಿಲ್ಲ. ಬೋರ್ಡ್ ನೋಡಿ ನಂಬಬೇಡಿ, ಅದಕ್ಕೇ ಬರೆದೆ.

ಹಾಸನ ಲಾಯರ್

ಓದಿ ಸಂಕಟ ಆಯಿತು ಅಣ್ಣ. ಎಲ್ಲರಿಗೂ ಗೊತ್ತಿರಬೇಕಾದ ಕಾನೂನು ಇದು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುವಿನ ದುರ್ಬಳಕೆಯಿಂದ ಬರುವ ಮಾನಸಿಕ ತೊಂದರೆಗಳೂ ಸೇರಿವೆ. ಅಂಥವರನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಜಾಗ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ಸರ್ಟಿಫಿಕೇಟ್ ತೋರಿಸಿ ಅಂತ ಕೇಳುವುದು ನಿಮ್ಮ ಹಕ್ಕು. ಟ್ರಸ್ಟ್ ನೋಂದಣಿ ಪತ್ರ ತೋರಿಸಿದರೆ ಸಾಲದು, ಅದು ಬೇರೆ.

ಆ ಕಾಯ್ದೆಯ 20ನೇ ಕಲಂ ಪ್ರಕಾರ ಒತ್ತಾಯದಿಂದ ತಲೆ ಬೋಳಿಸುವಂತಿಲ್ಲ. ಒತ್ತಾಯದಿಂದ ಕೆಲಸ ಮಾಡಿಸುವಂತಿಲ್ಲ. ಕೆಲಸ ಮಾಡಿದರೆ ಸರಿಯಾದ ಸಂಭಾವನೆ ಕೊಡಬೇಕು. ಸ್ವಂತ ಬಟ್ಟೆ ಹಾಕಿಕೊಳ್ಳಲು ಬಿಡಬೇಕು. 95ನೇ ಕಲಂ ಪ್ರಕಾರ ಸರಪಳಿ ಹಾಕುವುದು ಪೂರ್ತಿ ನಿಷಿದ್ಧ. ಸ್ವಂತ ಇಚ್ಛೆಯಿಂದ ಸೇರಿದವರು ಹೊರಡುತ್ತೀನಿ ಅಂದರೆ ಬಿಡಬೇಕು. ತೀರಾ ಅಗತ್ಯ ಕಂಡರೆ ಪರೀಕ್ಷೆಗೆ ಅಂತ 24 ಗಂಟೆ ತಡೆಯಬಹುದು, ಅಷ್ಟೇ. ಇಷ್ಟವಿಲ್ಲದವರನ್ನು ಇರಿಸಿಕೊಳ್ಳಬೇಕಾದರೆ ಮನೋವೈದ್ಯರು ಸೇರಿ ಇಬ್ಬರು ಬೇರೆಬೇರೆಯಾಗಿ ನೋಡಿ ಒಪ್ಪಬೇಕು, ಅದೂ ಮೊದಲಿಗೆ 30 ದಿನದವರೆಗೆ ಮಾತ್ರ. ಮನೆಯವರು ಸಹಿ ಹಾಕಿದರು ಅಂದ ಮಾತ್ರಕ್ಕೆ ಎತ್ತಿಕೊಂಡು ಹೋಗುವುದು ಕಾನೂನಲ್ಲ.

ಹಟ್ಟಿ ಕೆಲಸ, ತೋಟದ ಕೆಲಸದ ಬಗ್ಗೆ ಮೇಲೆ ಒಬ್ಬರು ಬರೆದಿದ್ದಾರೆ. ಎಲ್ಲರೂ ಸೇರಿ ಒಂದೆರಡು ಗಂಟೆ ಮಾಡುವ ಮನೆಗೆಲಸ ಒಂದು. ಸಂಸ್ಥೆಯ ತೋಟದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಪುಕ್ಕಟೆ ದುಡಿಸಿಕೊಳ್ಳುವುದು ಇನ್ನೊಂದು. ನಮ್ಮ ಜಿಲ್ಲೆಗಳಲ್ಲಿ ಕಾಫಿ, ಮೆಣಸು ಇರುವ ಕಡೆ ಈ ಎರಡರ ವ್ಯತ್ಯಾಸ ನೋಡಿಕೊಳ್ಳಿ.

ಹೊಸ ದಾರಿ, ಸಕಲೇಶಪುರ

ಲಾಯರ್ ಸರ್ ಹೇಳಿದ್ದು ಸರಿ. ನಮ್ಮಲ್ಲಿ ದಿನಕ್ಕೆ ಎರಡು ಗಂಟೆ ಮೇಲೆ ಕೆಲಸ ಇರಲಿಲ್ಲ, ಫಾದರ್ ಕೂಡ ಜೊತೆಗೇ ಸೆಗಣಿ ಎತ್ತುತ್ತಿದ್ದರು.

ಮೂಡಿಗೆರೆ ಮನೆ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಅತ್ತೆಯವರಿಗೆ ರೋಸಿ ಅಕ್ಕ ಬರೆದಿದ್ದನ್ನು ಓದಿ ಹೇಳಿದೆ. "ಹಾಗಾದರೆ ವಿಭೂತಿ ಇಟ್ಟುಕೊಳ್ಳಲು ಬಿಡುತ್ತಾರಾ ಕೇಳು" ಅಂದರು. ಅದನ್ನು ಕೇಂದ್ರದಲ್ಲಿ ಕೇಳುತ್ತೇನೆ.

ಇನ್ನೆರಡು ವಿಷಯ. ಪಕ್ಕದ ಮನೆಯವರು ಒಂದು ಹನಿ ಔಷಧಿ ಇದೆ, ಸಾರಿನಲ್ಲಿ ಬೆರೆಸಿ ಕೊಟ್ಟರೆ ಗೊತ್ತೇ ಆಗದ ಹಾಗೆ ಕುಡಿತ ಬಿಡುತ್ತಾರೆ ಅಂದರು. ಇಷ್ಟೆಲ್ಲ ಕಷ್ಟ ಯಾಕೆ, ಅದನ್ನೇ ಮಾಡು ಅಂತಿದ್ದಾರೆ. ಎರಡನೆಯದು, ಇವರು ವಾಪಸ್ ಬಂದ ಮೇಲೆ ಅದೇ ತೋಟ, ಅದೇ ಬಟವಾಡೆ. ನಾನು ಏನು ಮಾಡಬೇಕು?

ಚಿಕ್ಕಮಗಳೂರು ನರ್ಸ್

ಅಕ್ಕ, ಆ ಹನಿ ದಯವಿಟ್ಟು ಬೇಡವೇ ಬೇಡ. ಅದರಲ್ಲಿ ಏನಿದೆ ಅಂತ ಬಾಟಲಿ ಮೇಲೂ ಇರುವುದಿಲ್ಲ. ಡೈಸಲ್ಫಿರಾಮ್ ಅನ್ನುವ ನಿಜವಾದ ಔಷಧಿ ಇದೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗುತ್ತೆ, ವಾಂತಿ, ಎದೆಬಡಿತ, ಬಿಪಿ ಬೀಳುತ್ತೆ, ಜೀವಕ್ಕೂ ಅಪಾಯ ಆಗಬಹುದು. ಆ ಭಯದಿಂದಲೇ ಕುಡಿಯುವುದಿಲ್ಲ. ಅಂದರೆ ತೆಗೆದುಕೊಳ್ಳುವವರಿಗೆ ಗೊತ್ತಿದ್ದರೆ ಮಾತ್ರ ಅದು ಔಷಧಿ. ಕೊನೆಯ ಸಲ ಕುಡಿದು ಕಡಿಮೆ ಅಂದರೂ 12 ಗಂಟೆ ಕಳೆದ ಮೇಲೆ, ಲಿವರ್, ಹೃದಯ ಪರೀಕ್ಷೆ ಮಾಡಿ, ಅವರ ಒಪ್ಪಿಗೆ ಪಡೆದು ಡಾಕ್ಟರ್ ಕೊಡುತ್ತಾರೆ. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಇರಬಹುದು. ಗೊತ್ತಿಲ್ಲದೆ ತಿಂದು, ಹೋಗಿ ಒಂದು ಕ್ವಾರ್ಟರ್ ಹಾಕಿದರೆ ಏನಾಗುತ್ತೆ ಯೋಚಿಸಿ.

ಕುಡಿಯುವ ಆಸೆ ತಗ್ಗಿಸುವ ಬೇರೆ ಮಾತ್ರೆಗಳೂ ಇವೆ, ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂತ. ಕೆಲವು ಕೇಂದ್ರಗಳಲ್ಲಿ "ದೇವರ ಮೇಲೆ ನಂಬಿಕೆ ಇದ್ದರೆ ಮಾತ್ರೆ ಯಾಕೆ" ಅಂತ ಬಿಡಿಸುತ್ತಾರೆ. ಡಾಕ್ಟರ್ ಬರೆದ ಮಾತ್ರೆಯನ್ನು ಡಾಕ್ಟರ್ ಹೇಳದೆ ನಿಲ್ಲಿಸುವುದಿಲ್ಲ ಅಂತ ಕೇಂದ್ರದವರ ಬಾಯಲ್ಲಿ ಮೊದಲೇ ಹೇಳಿಸಿಕೊಳ್ಳಿ. ಡಿಪ್ರೆಷನ್ ಮಾತ್ರೆ, ಶುಗರ್, ಬಿಪಿ ಮಾತ್ರೆಗೂ ಇದೇ ಮಾತು.

ಹಾಸನ ಕೌನ್ಸೆಲರ್

ವಾಪಸ್ ಬಂದ ಮೇಲಿನ ಪ್ರಶ್ನೆ ಕೇಳಿದಿರಲ್ಲ ಮೇಡಂ, ನನಗೆ ಬಹಳ ಸಂತೋಷ ಆಯಿತು. ಮನೆಯವರು ಇದನ್ನು ಕೇಳುವುದೇ ಕಡಿಮೆ. ಒಳಗಿರುವ ತಿಂಗಳುಗಳು ಸುಲಭ. ಅಲ್ಲಿ ಅಂಗಡಿ ಇಲ್ಲ, ಸ್ನೇಹಿತರು ಇಲ್ಲ, ಕೈಯಲ್ಲಿ ದುಡ್ಡಿಲ್ಲ. ಪರೀಕ್ಷೆ ಇರುವುದು ಹೊರಗೆ.

ಸಾಹುಕಾರರು ಒಳ್ಳೆಯವರು ಅಂದಿರಿ. ಹಾಗಾದರೆ ಅವರ ಹತ್ತಿರ ಈಗಲೇ ಮಾತಾಡಿ. ಈ ಕೊಯ್ಲು ಮುಗಿಯುವವರೆಗೆ ಬಟವಾಡೆ ದುಡ್ಡು ಹಂಚುವ ಕೆಲಸ ಬೇರೆಯವರಿಗೆ ಕೊಡಲಿ. ಇವರು ಮಸ್ಟರ್ ಬರೆಯಲಿ, ಕೊಯ್ದ ಹಣ್ಣಿನ ತೂಕ ನೋಡಲಿ. ಸಂಬಳ ನೇರ ಬ್ಯಾಂಕಿಗೆ ಹಾಕಲಿ. ಬಟವಾಡೆ ಸಂಜೆ ಇವರು ತೋಟದಲ್ಲಿ ಇರದ ಹಾಗೆ ನೋಡಿಕೊಳ್ಳಿ. ಎಎ ಸಭೆ ಇದ್ದರೆ ಅಲ್ಲಿಗೆ, ಇಲ್ಲದಿದ್ದರೆ ನಿಮ್ಮ ತವರಿಗೆ, ಎಲ್ಲಾದರೂ. ಪಾಕೆಟ್ ಸಾರಾಯಿ 2007ರಲ್ಲಿ ನಿಂತಾಗ ಇನ್ನು ತೋಟದ ಕೂಲಿಯವರ ಲೈನ್ ಮನೆಗಳು ಉದ್ಧಾರ ಆದವು ಅಂತ ಎಲ್ಲರೂ ಅಂದುಕೊಂಡೆವು. ಅದೇ ಜಾಗಕ್ಕೆ ಟೆಟ್ರಾ ಪ್ಯಾಕ್ ಬಂತು. ಅಂಗಡಿ ಮುಚ್ಚಲಿ ಅಂತ ಕಾಯಬೇಡಿ, ದಾರಿ ಬದಲಿಸಿ.

ಮತ್ತೆ ಕುಡಿದರೆ? ಕುಡಿಯಬಹುದು. ಈ ಕಾಯಿಲೆಯಲ್ಲಿ ಅದು ಸಾಮಾನ್ಯ. ಹಾಗಾದರೆ ಎಲ್ಲ ವ್ಯರ್ಥ ಅಂತ ತೀರ್ಮಾನ ಮಾಡಬೇಡಿ, "ಚರ್ಚಿನವರು ಮೋಸ ಮಾಡಿದರು" ಅಂತಲೂ ಬೇಡ, "ನಿನಗೆ ನಂಬಿಕೆ ಸಾಲದು" ಅಂತ ಅವರನ್ನು ಬೈಯುವುದೂ ಬೇಡ. ನಂಬಿಕೆ ಇರುವವರೂ ಮತ್ತೆ ಬೀಳುತ್ತಾರೆ. ಅದೇ ದಿನ ಕೇಂದ್ರಕ್ಕೆ ಫೋನ್ ಮಾಡಿ. ಒಳ್ಳೆಯ ಕೇಂದ್ರದವರು ಮನೆಗೆ ಹೋದ ಮೇಲೂ ತಿಂಗಳಿಗೊಮ್ಮೆ ಕರೆಸುತ್ತಾರೆ, ಮನೆಗೂ ಬರುತ್ತಾರೆ. ಆ ವ್ಯವಸ್ಥೆ ಇದೆಯಾ ಅಂತ ಕೇಳಿ.

ನಿಮ್ಮನ್ನೂ ಒಂದೆರಡು ದಿನ ಕೇಂದ್ರಕ್ಕೆ ಕರೆಯುತ್ತಾರೆ, ಕುಟುಂಬದವರ ತರಗತಿ ಅಂತ. ದಯವಿಟ್ಟು ಹೋಗಿ, ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಸಾಲ ತೀರಿಸುವುದು, ರಜೆಗೆ ಸುಳ್ಳು ಹೇಳುವುದು, ರಾತ್ರಿಯಿಡೀ ಕಾಯುವುದು, ಇಷ್ಟು ವರ್ಷ ನೀವು ಹೊತ್ತಿದ್ದನ್ನು ಅಲ್ಲಿ ಬಾಯಿಬಿಟ್ಟು ಹೇಳಬಹುದು. ಕುಡಿಯುವವರ ಮನೆಯವರಿಗೆ ಅಂತಲೇ ಆಲನಾನ್ ಸಭೆಗಳಿವೆ. ಬೆಂಗಳೂರು, ಮಂಗಳೂರು ಕಡೆ ಜಾಸ್ತಿ, ಫೋನಿನಲ್ಲೂ ಸೇರಬಹುದು.

ಆಲೂರು ಮೇಷ್ಟ್ರು

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಖರ್ಚಿನ ವಿಷಯ ಯಾರೂ ಹೇಳಲಿಲ್ಲ. ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಇಲಾಖೆಯ ನೆರವಿನಲ್ಲಿ ನಡೆಯುವ ಕೇಂದ್ರಗಳಲ್ಲಿ ಚಿಕಿತ್ಸೆ ಉಚಿತ. 14446ಕ್ಕೆ ಫೋನ್ ಮಾಡಿದರೆ ಹತ್ತಿರ ಯಾವುದಿದೆ ಅಂತ ಹೇಳುತ್ತಾರೆ. ಬೇರೆ ಕಡೆಯಾದರೆ ಊಟ, ಔಷಧಿ, ರಕ್ತಪರೀಕ್ಷೆ ಎಲ್ಲ ಸೇರಿ ಎಷ್ಟು, ಮಧ್ಯದಲ್ಲಿ ಬಿಟ್ಟು ಬಂದರೆ ದುಡ್ಡು ವಾಪಸ್ಸಾ, ಇದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ ತಾಯಿ.

ಮೂಡಿಗೆರೆ ಮನೆ

ಸಾಹುಕಾರರ ಹತ್ತಿರ ಮಾತಾಡಿದೆ. ಬಟವಾಡೆ ಅವರ ಮಗನೇ ನೋಡಿಕೊಳ್ಳುತ್ತಾನಂತೆ. ಇವರಿಗೂ ಎಲ್ಲ ಓದಿ ಹೇಳಿದೆ, ಜೀಪ್ ಡ್ರೈವರ್ ವಿಷಯ ಇನ್ನೊಂದು ಸಲ ಓದು ಅಂದರು. ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಡಾಕ್ಟರ್ ಏನು ಹೇಳುತ್ತಾರೋ ನೋಡಿಕೊಂಡು ಆ ವಾರವೇ ಕೇಂದ್ರಕ್ಕೆ ಹೋಗಿ ವಿಚಾರಿಸುತ್ತೇವೆ. ಇವತ್ತಿನಿಂದಲೇ ಕುಡಿಯುವುದು ಬಿಡುತ್ತೀನಿ ಅಂತಿದ್ದಾರೆ. ಬಿಡಿಸಲಾ?

ಚಿಕ್ಕಮಗಳೂರು ನರ್ಸ್

ಬೇಡ ಅಕ್ಕ. ಮಂಗಳವಾರದವರೆಗೆ ತಾವಾಗಿಯೇ ಒಮ್ಮೆಲೇ ನಿಲ್ಲಿಸುವುದು ಬೇಡ. ಜಾಸ್ತಿ ಕುಡಿಯದ ಹಾಗೆ ನೋಡಿಕೊಳ್ಳಿ, ಅಷ್ಟು ಸಾಕು. ಹೊಟ್ಟೆ ತುಂಬ ಊಟ ಮಾಡಿಸಿ, ನೀರು ಜಾಸ್ತಿ ಕೊಡಿ, ಗಾಡಿ ಓಡಿಸಲು ಬಿಡಬೇಡಿ, ಒಬ್ಬರೇ ಮಲಗುವುದು ಬೇಡ. ನಡುವೆ ಫಿಟ್ಸ್ ಬಂದರೆ, ಇಲ್ಲದ್ದು ಕಾಣಿಸುತ್ತಿದೆ ಅಂದರೆ, ಮಂಗಳವಾರಕ್ಕೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮಂಗಳವಾರ ಹೋಗುವಾಗ ಆಧಾರ್ ಕಾರ್ಡ್, ಹಳೆಯ ರಕ್ತಪರೀಕ್ಷೆ ಚೀಟಿ, ಈಗ ನುಂಗುತ್ತಿರುವ ಮಾತ್ರೆ ಎಲ್ಲ ಒಂದು ಕವರ್‌ನಲ್ಲಿ ಹಾಕಿಕೊಳ್ಳಿ. ದಿನಕ್ಕೆ ಎಷ್ಟು ಪ್ಯಾಕ್, ಕೊನೆಯದು ಎಷ್ಟು ಗಂಟೆಗೆ, ಇದನ್ನು ಡಾಕ್ಟರ್ ಮುಂದೆ ಸರಿಯಾಗಿ ಹೇಳಿ. ಅದನ್ನು ನೋಡಿಯೇ ಮಾತ್ರೆಯ ಡೋಸ್ ಬರೆಯುತ್ತಾರೆ.